ದುಡಿಯುವವರನ್ನು ಕಳೆದುಕೊಂಡ ಮೀನುಗಾರ ಕುಟುಂಬಕ್ಕೆ ಸ್ಥಳೀಯ ಸೇವಾಸಂಸ್ಥೆಗಳು ಹೇಗೆ ನೆರವಾಗುತ್ತವೆ?

ಪ್ರಶ್ನೆ
(ಅಘನಾಶಿನಿ ದಂಡೆಯ ನಿವಾಸಿ, ಕುಮಟಾ ತಾಲೂಕು)

ಎಲ್ಲರಿಗೂ ನಮಸ್ಕಾರ.

ನಾನು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆಯ ಒಂದು ಊರಿನವನು. ನಮ್ಮ ನೆರೆಮನೆಯವರ ಪರವಾಗಿ, ಅವರ ಒಪ್ಪಿಗೆ ಪಡೆದು ಈ ಪ್ರಶ್ನೆ ಕೇಳುತ್ತಿದ್ದೇನೆ.

ಆ ಮನೆಯ ಯಜಮಾನರು ತದಡಿ ಬಂದರಿನಲ್ಲಿ ಟ್ರಾಲ್ ಬೋಟಿನ ಕಲಾಸಿಯಾಗಿ (ಬೋಟಿನ ಕೆಲಸಗಾರರಾಗಿ) ದುಡಿಯುತ್ತಿದ್ದರು. ವಯಸ್ಸು ಇನ್ನೂ ಐವತ್ತಾಗಿರಲಿಲ್ಲ. ಕೆಲವು ತಿಂಗಳ ಹಿಂದೆ ಮನೆಯಲ್ಲಿದ್ದಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಈಗ ಮನೆಯಲ್ಲಿರುವವರು ಅವರ ಪತ್ನಿ, ಎಪ್ಪತ್ತು ದಾಟಿದ ಅತ್ತೆ, ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೇರಬೇಕಾದ ಮಗಳು ಮತ್ತು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿರುವ ಮಗ. ಆ ಅಕ್ಕ ನೀರಿಳಿದ ಹೊತ್ತಿನಲ್ಲಿ ಹೊಳೆಗಿಳಿದು ಬಳಚು (ಚಿಪ್ಪುಮೀನು) ತೆಗೆಯುತ್ತಾರೆ, ಉಳಿದ ಹೊತ್ತು ಬಂದರಿನಲ್ಲಿ ಮೀನು ಆಯುವ ಮತ್ತು ಒಣಗಿಸುವ ಕೂಲಿಗೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಬಂದರಿನ ಕೂಲಿ ನಿಲ್ಲುತ್ತದೆ. ಮಳೆನೀರು ತುಂಬಿ ಹರಿಯತೊಡಗಿದರೆ ಬಳಚು ತೆಗೆಯುವುದೂ ಆಗುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆದಿದೆ. ಮಾಡು ರಿಪೇರಿಗೆಂದು ಅಕ್ಕನ ಹೆಸರಿನಲ್ಲಿ ತೆಗೆದ ಮೈಕ್ರೋಫೈನಾನ್ಸ್ ಸಾಲದ ಕಂತು ವಾರವಾರ ಕಟ್ಟಬೇಕಾಗಿದೆ. ಮಗಳನ್ನು ಓದು ಬಿಡಿಸಿ ಗೋವಾದ ಕಡೆ ಕೆಲಸಕ್ಕೆ ಕಳುಹಿಸುವ ಮಾತು ಮನೆಯಲ್ಲಿ ಬಂದಿದೆ. ಈ ಮಾತು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಪಟ್ಟಣದಲ್ಲಿ ಕಷ್ಟದಲ್ಲಿರುವವರಿಗೆ ನೆರವಾಗುವ ಟ್ರಸ್ಟುಗಳು ಇವೆ ಎಂದು ಕೇಳಿದ್ದೇನೆ. ಅವರು ಯಾವುದಕ್ಕೆ ಹಣ ಕೊಡುತ್ತಾರೆ, ಯಾವುದಕ್ಕೆ ಕೊಡುವುದಿಲ್ಲ? ಯಾವ ಕಾಗದಪತ್ರ ಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ನೆರವು ಪಡೆದವರ ಹೆಸರು, ಫೋಟೊ ಪತ್ರಿಕೆಯಲ್ಲಿ ಬರುತ್ತದೆಯೇ? ಅಕ್ಕ ಹಿಂಜರಿಯುತ್ತಿರುವುದು ಈ ಒಂದು ಕಾರಣಕ್ಕೆ.


ಉತ್ತರ 1
(ಕುಮಟಾ ಪಟ್ಟಣದ ಒಂದು ಚಿಕ್ಕ ಟ್ರಸ್ಟಿನ ಕಾರ್ಯಕರ್ತೆ)

ನಮಸ್ಕಾರ. ನೀವು ಕೊನೆಯಲ್ಲಿ ಕೇಳಿದ್ದಕ್ಕೇ ಮೊದಲು ಉತ್ತರಿಸುತ್ತೇನೆ. ನಮ್ಮ ಸಂಸ್ಥೆಯಲ್ಲಿ ನೆರವು ಪಡೆದವರ ಹೆಸರಾಗಲಿ ಫೋಟೊ ಆಗಲಿ ಎಲ್ಲಿಯೂ ಪ್ರಕಟವಾಗುವುದಿಲ್ಲ. ಎಷ್ಟು ಕುಟುಂಬಗಳಿಗೆ ಯಾವ ಕಾರಣಕ್ಕೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಮಾತ್ರ ದಾನಿಗಳ ಮುಂದೆ ಇಡುತ್ತೇವೆ. ಎಲ್ಲ ಸಂಸ್ಥೆಗಳೂ ಹೀಗೆಯೇ ನಡೆದುಕೊಳ್ಳುತ್ತವೆ ಎಂದು ನಾನು ಭರವಸೆ ಕೊಡಲಾರೆ. ಆದ್ದರಿಂದ ಯಾವ ಸಂಸ್ಥೆಗೆ ಹೋದರೂ ಅರ್ಜಿ ಕೊಡುವ ಮೊದಲೇ ಇದನ್ನು ಬಾಯಿಬಿಟ್ಟು ಕೇಳಿ. ಫೋಟೊ ಬೇಡ ಎಂದು ಹೇಳುವ ಹಕ್ಕು ಆ ಅಕ್ಕನಿಗಿದೆ.

ನಮ್ಮಂಥ ಸಂಸ್ಥೆಗಳ ಬಳಿ ದೊಡ್ಡ ಗಂಟೇನೂ ಇರುವುದಿಲ್ಲ. ಪೇಟೆಯ ಅಂಗಡಿಕಾರರು, ಶಿಕ್ಷಕರು, ಮುಂಬೈ ಮತ್ತು ಕೊಲ್ಲಿ ದೇಶಗಳಲ್ಲಿರುವ ನಮ್ಮೂರಿನವರು ತಿಂಗಳಿಗಿಷ್ಟು ಎಂದು ಕೊಡುವ ಹಣ ಹಾಗೂ ವರ್ಷಕ್ಕೊಮ್ಮೆ ನಡೆಸುವ ಸಹಾಯಾರ್ಥ ಯಕ್ಷಗಾನದ ಟಿಕೆಟ್ ಹಣ ಇವೇ ಆಧಾರ. ಹೀಗಾಗಿ ಒಂದು ಕುಟುಂಬವನ್ನು ವರ್ಷಗಟ್ಟಲೆ ಸಾಕುವ ಶಕ್ತಿ ನಮಗಿಲ್ಲ. ನಾವು ಮಾಡಬಹುದಾದ ಕೆಲಸಗಳು ಎರಡು. ತೀರಾ ಇಕ್ಕಟ್ಟಿನ ಎರಡು ಮೂರು ತಿಂಗಳು ದಾಟಿಸುವುದು ಮೊದಲನೆಯದು. ಆ ಅವಧಿಯೊಳಗೆ ಸರಕಾರದಿಂದ ಹಕ್ಕಾಗಿ ಬರಬೇಕಾದದ್ದು ಅವರ ಖಾತೆಗೆ ಬರುವಂತೆ ಬೆನ್ನಿಗೆ ನಿಂತು ಓಡಾಡುವುದು ಎರಡನೆಯದು. ಹೊರಗಿನವರಿಗೆ ಮೊದಲನೆಯದು ಕಾಣುತ್ತದೆ. ನನ್ನ ಅನುಭವದಲ್ಲಿ ಎರಡನೆಯದರಿಂದಲೇ ಮನೆ ನಿಲ್ಲುತ್ತದೆ.

ಅರ್ಜಿ ಬಂದ ಮೇಲೆ ನಮ್ಮಲ್ಲಿ ಇಬ್ಬರು ಮನೆಗೆ ಹೋಗುತ್ತಾರೆ, ಅವರಲ್ಲಿ ಒಬ್ಬರು ಮಹಿಳೆ ಇರಲೇಬೇಕು. ಜಾತಿ, ಧರ್ಮ, ಪಕ್ಷ ಕೇಳುವುದಿಲ್ಲ. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮರಣ ಪ್ರಮಾಣಪತ್ರ, ಸಾಲದ ಕಾರ್ಡು, ಕರೆಂಟ್ ಬಿಲ್ಲು ಇವನ್ನು ನೋಡುತ್ತೇವೆ. ಯಾವುದಾದರೊಂದು ಇಲ್ಲವೆಂದು ಅರ್ಜಿಯನ್ನು ತಿರಸ್ಕರಿಸುವುದಿಲ್ಲ. ಇಲ್ಲದ ಕಾಗದವನ್ನು ಮಾಡಿಸಿಕೊಡುವುದೇ ಎಷ್ಟೋ ಸಲ ನಮ್ಮ ಮೊದಲ ಕೆಲಸವಾಗುತ್ತದೆ. ಕೈಗೆ ನಗದು ಕೊಡುವುದು ಅಪರೂಪ. ಕಿರಾಣಿ ಅಂಗಡಿಗೆ, ಕಾಲೇಜಿಗೆ, ಔಷಧದ ಅಂಗಡಿಗೆ ನೇರವಾಗಿ ಕಟ್ಟಿ ರಸೀದಿಯ ಪ್ರತಿಯನ್ನು ಮನೆಯವರಿಗೆ ಒಪ್ಪಿಸುತ್ತೇವೆ. ಇದು ಅಪನಂಬಿಕೆಯ ಮಾತಲ್ಲ. ನಗದು ಕೈಯಲ್ಲಿದ್ದರೆ ಬಾಗಿಲಿಗೆ ಬಂದ ಸಾಲ ಕೊಟ್ಟವರಿಗೇ ಅದು ಮೊದಲು ಹೋಗುತ್ತದೆ, ಮಕ್ಕಳ ಶುಲ್ಕ ಹಾಗೆಯೇ ಉಳಿಯುತ್ತದೆ. ಮೈಕ್ರೋಫೈನಾನ್ಸ್ ಕಂತನ್ನು ನಾವು ಕಟ್ಟುವುದಿಲ್ಲ, ಏಕೆಂದರೆ ನಮ್ಮ ಸಣ್ಣ ಮೊತ್ತ ಅಲ್ಲಿ ಬಿದ್ದರೆ ಬಡ್ಡಿಯಲ್ಲೇ ಕರಗುತ್ತದೆ. ಸಾಲಕ್ಕೆ ಬೇರೆ ದಾರಿಗಳಿವೆ, ಬಲ್ಲವರು ಇಲ್ಲಿ ಬರೆಯಲಿ.

ಈಗ ನೀವು ಹೇಳಿದ ಕುಟುಂಬದ ವಿಷಯಕ್ಕೆ ಬರುತ್ತೇನೆ. ಅವರದು ಬಿಪಿಎಲ್ ಚೀಟಿಯಾಗಿದ್ದರೆ, ಮನೆಯ ದುಡಿಯುವ ವ್ಯಕ್ತಿ 18ರಿಂದ 59 ವರ್ಷದೊಳಗೆ ತೀರಿಕೊಂಡಾಗ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಂದೇ ಬಾರಿಗೆ 20,000 ರೂಪಾಯಿ ಸಿಗುತ್ತದೆ. ಹೆಚ್ಚಿನವರಿಗೆ ಈ ಯೋಜನೆಯ ಹೆಸರೇ ಗೊತ್ತಿಲ್ಲ. ಅಕ್ಕ ವಿಧವಾ ವೇತನಕ್ಕೂ, ಅತ್ತೆ 65 ದಾಟಿರುವುದರಿಂದ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ವೇತನಕ್ಕೂ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಅತ್ತೆಗೆ ಈಗಾಗಲೇ ಮಂಜೂರಾಗಿ ಹಣ ಬರುತ್ತಿಲ್ಲವಾದರೆ ಆಧಾರ್ ಜೋಡಣೆ ಯಾವ ಬ್ಯಾಂಕಿನ ಖಾತೆಗೆ ಆಗಿದೆ ಎಂದು ನೋಡಿ. ಎಂದೋ ತೆರೆದು ಮರೆತ ಖಾತೆಗೆ ಹಣ ಹೋಗಿ ಕೂತಿರುವುದು ನಮ್ಮ ಕಣ್ಣಿಗೆ ಪದೇಪದೇ ಬೀಳುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದವರಿಗೆ ಬರುತ್ತದೆ. ನಿಮ್ಮ ನೆರೆಮನೆಯಲ್ಲಿ ಅದು ಅತ್ತೆಯೋ ಸೊಸೆಯೋ ಎಂಬುದನ್ನೂ ಗಮನಿಸಿ.

ಕಾಗದದ ಕೆಲಸ ಎಷ್ಟು ಸೂಕ್ಷ್ಮವೆಂದು ತಿಳಿಯಲು ಒಂದು ಸಂಗತಿ ಹೇಳುತ್ತೇನೆ. ಹೊನ್ನಾವರದ ಕಡೆಯ ಒಂದು ಮನೆಯಲ್ಲಿ ದಾಖಲೆಗಳನ್ನೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಾಡಿನ ಪಕಾಸಿಯ ಸಂದಿಗೆ ಸಿಕ್ಕಿಸಿಟ್ಟಿದ್ದರು. ಚೀಲ ಬಿಚ್ಚಿದಾಗ ಪಡಿತರ ಚೀಟಿಯ ಮಡಿಕೆ ಹರಿದು ನಾಲ್ಕು ತುಂಡಾಗಿತ್ತು. ತೀರಿಕೊಂಡ ಗಂಡನ ಹೆಸರು ಆಧಾರಿನಲ್ಲಿ ಒಂದು ಬಗೆಯಾಗಿ, ಮರಣ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಸೇರಿ ಇನ್ನೊಂದು ಬಗೆಯಾಗಿ, ಪಾಸ್‌ಬುಕ್ಕಿನಲ್ಲಿ ಮನೆಯಲ್ಲಿ ಕರೆಯುವ ಹೆಸರಾಗಿ ಇತ್ತು. ಆ ತಾಯಿ ಕೂಲಿ ಬಿಟ್ಟು ಕಚೇರಿಗೆ ಹೋದಾಗಲೆಲ್ಲ ಹೆಸರು ಕೂಡುವುದಿಲ್ಲವೆಂದು ವಾಪಸು ಬಂದಿದ್ದರು. ನಾವು ಅಲ್ಲಿ ಖರ್ಚು ಮಾಡಿದ್ದು ಅಫಿಡವಿಟ್ ಹಾಗೂ ಆಟೋ ಬಾಡಿಗೆಗೆ ಮಾತ್ರ, ಜೊತೆಗೆ ಕಚೇರಿಗೆ ಹೋದ ದಿನಗಳ ಕೂಲಿಯನ್ನು ತುಂಬಿಕೊಟ್ಟೆವು. ಕೂಲಿ ತುಂಬಿಕೊಡುವ ಈ ಕ್ರಮವನ್ನು ಪ್ರತಿಯೊಂದು ಸಂಸ್ಥೆಯೂ ಅನುಸರಿಸಬೇಕೆಂದು ನನ್ನ ಬಲವಾದ ಅಭಿಪ್ರಾಯ. ಒಂದು ದಿನದ ದುಡಿಮೆ ಬಿಟ್ಟರೆ ಆ ರಾತ್ರಿಯ ಅಡುಗೆಗೆ ತೊಂದರೆಯಾಗುವ ಮನೆಯವರಿಗೆ "ನಾಳೆ ಬನ್ನಿ" ಎಂಬ ಮಾತು ಎಷ್ಟು ಭಾರವೆಂದು ಮೇಜಿನ ಆಚೆ ಕೂತವರಿಗೆ ತಿಳಿಯುವುದಿಲ್ಲ.

ಮಗಳ ವಿಷಯ ತಡ ಮಾಡಬೇಡಿ. ಸರಕಾರಿ ಪದವಿಪೂರ್ವ ಕಾಲೇಜಿಗೆ ಸೇರಿಸಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುತ್ತದೆ. ಬಸ್ಸಿಗೆ ಶಕ್ತಿ ಯೋಜನೆಯಿರುವುದರಿಂದ ಓಡಾಟದ ಖರ್ಚಿಲ್ಲ. ಸೇರ್ಪಡೆ ಶುಲ್ಕ, ಪುಸ್ತಕ, ಸಮವಸ್ತ್ರಗಳನ್ನು ನಮ್ಮಂಥ ಯಾವ ಸಂಸ್ಥೆಯೂ ಸಂತೋಷದಿಂದ ನೋಡಿಕೊಳ್ಳುತ್ತದೆ.


ಉತ್ತರ 2
(ನಿವೃತ್ತ ಬ್ಯಾಂಕ್ ನೌಕರ, ಕಾರವಾರ)

ಮೇಲಿನ ಉತ್ತರದಲ್ಲಿ ಸಾಲದ ಭಾಗವನ್ನು ಬಲ್ಲವರಿಗೆ ಬಿಟ್ಟಿದ್ದಾರೆ. ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ಕನ್ನು ಎಂಟ್ರಿ ಮಾಡಿಸಿ, ಪುಟಗಳನ್ನು ನಿಧಾನವಾಗಿ ಓದಿ. ಮೇ ಕೊನೆ ಅಥವಾ ಜೂನ್ ಮೊದಲ ವಾರದ ಸುಮಾರಿಗೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು. ಆ ವಿಮೆ ಯಾವುದೇ ಕಾರಣದ ಸಾವಿಗೂ 2 ಲಕ್ಷ ರೂಪಾಯಿ ಕೊಡುತ್ತದೆ, ಹೃದಯಾಘಾತವೂ ಅದರಲ್ಲಿ ಸೇರುತ್ತದೆ. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ಬಿಮಾ, ಅಪಘಾತಕ್ಕೆ ಮಾತ್ರ. ಈ ಕುಟುಂಬಕ್ಕೆ ಅನ್ವಯಿಸುವುದಿಲ್ಲ. ಜನಧನ ಖಾತೆ ತೆರೆಯುವಾಗ ತೋರಿಸಿದಲ್ಲಿ ಸಹಿ ಮಾಡಿ ಬಂದವರ ಮನೆಯವರಿಗೆ ಇಂಥದ್ದೊಂದು ವಿಮೆ ಇದೆಯೆಂಬುದೇ ತಿಳಿದಿರುವುದಿಲ್ಲ. ಹಣ ಖಾತೆಯಿಂದ ವರ್ಷವರ್ಷ ಹೋಗುತ್ತಿರುತ್ತದೆ, ಸಾವಿನ ನಂತರ ಕೇಳುವವರಿರುವುದಿಲ್ಲ. ಶಾಖೆಗೆ ಬೇಗ ಹೋಗಿ, ಕ್ಲೇಮ್ ಫಾರ್ಮ್ ಕೇಳಿ ಪಡೆಯಿರಿ. ನಾಮಿನಿ ಯಾರೆಂದೂ ಅಲ್ಲಿಯೇ ತಿಳಿಯುತ್ತದೆ.

ಮೈಕ್ರೋಫೈನಾನ್ಸ್ ಸಾಲದ ಬಗ್ಗೆ ಒಂದು ಮುಖ್ಯ ವಿಷಯ. ಇಂಥ ಸಾಲ ಕೊಡುವಾಗ ಸಾಮಾನ್ಯವಾಗಿ ಸಾಲಗಾರರ ಜೊತೆಗೆ ಅವರ ಗಂಡ ಅಥವಾ ಹೆಂಡತಿಯ ಹೆಸರಿಗೂ ಜೀವವಿಮೆ ಮಾಡಿಸಿ, ಅದರ ಕಂತನ್ನು ಸಾಲದ ಮೊತ್ತದಲ್ಲೇ ಮುರಿದುಕೊಂಡಿರುತ್ತಾರೆ. ಸಾಲ ಅಕ್ಕನ ಹೆಸರಿನಲ್ಲಿದ್ದರೂ ಗಂಡನ ಮೇಲೆ ವಿಮೆ ಇದ್ದರೆ ಬಾಕಿ ಸಾಲ ಅದರಿಂದಲೇ ತೀರುವ ಸಾಧ್ಯತೆಯಿದೆ. ಸಾಲ ಮಂಜೂರಾತಿ ಪತ್ರ ಮತ್ತು ಸಾಲದ ಕಾರ್ಡಿನಲ್ಲಿ ವಿಮೆಯ ಸಾಲನ್ನು ಹುಡುಕಿ. ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಂತು ವಸೂಲಿಗೆ ಬರುವ ಹುಡುಗನ ಬಾಯಿಮಾತಿನ ಉತ್ತರವನ್ನು ಕೊನೆಯೆಂದು ತಿಳಿಯಬೇಡಿ.

ವಿಮೆ ಇಲ್ಲದಿದ್ದರೂ ಹೆದರಬೇಕಾಗಿಲ್ಲ. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಕಿರುಸಾಲಗಾರರನ್ನು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆಂದು ಸಂಪರ್ಕಿಸುವಂತಿಲ್ಲ. ಬೆದರಿಕೆ, ಅವಾಚ್ಯ ಮಾತು, ನೆಂಟರಿಷ್ಟರ ಮುಂದೆ ಮಾನ ಕಳೆಯುವುದು ಇವು ನಿಷಿದ್ಧ. ಒಟ್ಟು ಸಾಲಗಳ ಕಂತು ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ಅದೇ ನಿರ್ದೇಶನ ಹೇಳುತ್ತದೆ. ಬಲವಂತದ ವಸೂಲಿಯ ವಿರುದ್ಧ 2025ರಲ್ಲಿ ರಾಜ್ಯ ಸರಕಾರವೂ ಕಾನೂನು ತಂದಿದೆ. ಕಂತಿನ ಅವಧಿ ವಿಸ್ತರಿಸಿ ವಾರದ ಹೊರೆ ಇಳಿಸುವಂತೆ ಕೇಳಲು ಅಕ್ಕ ಒಬ್ಬರೇ ಹೋಗುವ ಬದಲು ಟ್ರಸ್ಟಿನವರೊಬ್ಬರು ಜೊತೆಗಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಅಗತ್ಯ ಬಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.


ಉತ್ತರ 3
(ನಿವೃತ್ತ ಶಿಕ್ಷಕಿ, ಅಂಕೋಲಾ)

ಇಬ್ಬರೂ ಉಪಯುಕ್ತವಾಗಿ ಬರೆದಿದ್ದಾರೆ. ಆದರೂ ನನಗೆ ಸ್ವಲ್ಪ ಭಿನ್ನವಾದ ಕಾಳಜಿಯೊಂದಿದೆ, ಅದನ್ನು ಹೇಳಲೇಬೇಕು.

ನಮ್ಮ ಜಿಲ್ಲೆಯಲ್ಲಿ ಸಂಕಟ ಬಂದಾಗ ಜನರು ಕೈಬಿಚ್ಚಿ ಕೊಡುತ್ತಾರೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿದಾಗಲೂ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೊಳೆಯಾಚೆಯ ಉಳುವರೆಯ ಮನೆಗಳು ನೀರಿನ ಹೊಡೆತಕ್ಕೆ ಸಿಕ್ಕಾಗಲೂ ಅದನ್ನು ಕಂಡಿದ್ದೇವೆ. ನೆರೆಯ ಸಮಯದಲ್ಲಿ ಕಾಳಜಿ ಕೇಂದ್ರವಾಗಿದ್ದ ಶಾಲೆಯೊಂದರ ಕೋಣೆಯಲ್ಲಿ ಹಳೆಯ ಬಟ್ಟೆಯ ಗುಡ್ಡೆ ಕಿಟಕಿಯ ಎತ್ತರಕ್ಕೆ ಬಿದ್ದಿತ್ತು. ಅದೇ ಕೋಣೆಯಲ್ಲಿ ಕೂತ ಹೆಂಗಸರು ಕೇಳುತ್ತಿದ್ದುದು ಅನ್ನ ಬೇಯಿಸುವ ಪಾತ್ರೆ, ಮಕ್ಕಳ ಅಂಕಪಟ್ಟಿ, ಒಳಉಡುಪು, ಸ್ಯಾನಿಟರಿ ಪ್ಯಾಡ್. ಬೇಕಾದದ್ದನ್ನು ಕೇಳಿ ತಿಳಿದು ಕೊಡುವ ತಾಳ್ಮೆ ಕೊಡುವವರಲ್ಲಿ ಇರಬೇಕು. ದೊಡ್ಡ ದುರಂತಕ್ಕೆ ಬಂದ ಸಹಾಯ ಹೀಗಾದರೆ, ಒಂದೇ ಮನೆಯ ಸದ್ದಿಲ್ಲದ ಕಷ್ಟಕ್ಕೆ ಯಾರೂ ಬರುವುದಿಲ್ಲ. ನೀವು ವಿವರಿಸಿದ ಮನೆಯಂಥವು ಕರಾವಳಿಯ ಪ್ರತಿ ಕೇರಿಯಲ್ಲೂ ಇವೆ. ಅಂಥ ಮನೆಗಳನ್ನು ತಲುಪುವುದಕ್ಕೆ ಊರಿನಲ್ಲೇ ಇರುವ ಚಿಕ್ಕ ಸಂಸ್ಥೆಯೇ ಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿಯವರು, ಶಾಲೆಯ ಅಕ್ಕೋರು ಹೇಳಿದ ಮಾತು ಕಿವಿಗೆ ಬೀಳುವಷ್ಟು ಹತ್ತಿರದ್ದಾಗಿರಬೇಕು.

ನನ್ನ ಕಾಳಜಿಯೇನೆಂದರೆ, ಸಹಾಯವೆಂದರೆ ಬರೀ ಅಕ್ಕಿಬೇಳೆಯ ಕಿಟ್ ಎಂಬಲ್ಲಿಗೆ ನಾವು ನಿಲ್ಲುತ್ತಿದ್ದೇವೆ. ಇದೇ ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದಾಗ ಜಿಲ್ಲೆಯ ಹಳ್ಳಿಯ ಬಡಮಕ್ಕಳಿಗೆ ಹೈಸ್ಕೂಲು ಕೈಗೆಟುಕುವಂತಿರಲಿಲ್ಲ. ಗೇಣಿದಾರರ ಹೋರಾಟದಲ್ಲಿದ್ದ ಅವರು ಶಾಲೆ ತೆರೆಯುವ ಕೆಲಸಕ್ಕೆ ಕೈಹಾಕಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಒಬ್ಬರು ಮೆಟ್ರಿಕ್ ಮುಗಿಸಿದರು. ದೀನರಿಗೆ ನೆರವಾಗುವ ಸಂಸ್ಥೆ ಎಷ್ಟು ದೂರ ನೋಡಬೇಕೆಂಬುದಕ್ಕೆ ನಾನು ಸದಾ ಕೊಡುವ ಉದಾಹರಣೆ ಇದು. ಆದ್ದರಿಂದ ಈ ಕುಟುಂಬದ ವಿಷಯದಲ್ಲಿ ಮೊದಲ ರೂಪಾಯಿ ಆ ಹುಡುಗಿಯ ಓದಿಗೆ ಸಲ್ಲಲಿ ಎಂದು ಕೇಳಿಕೊಳ್ಳುತ್ತೇನೆ. ಒಮ್ಮೆ ಓದು ಬಿಟ್ಟು ಕೆಲಸಕ್ಕೆ ಹೋದ ಹುಡುಗಿಯನ್ನು ಮರುವರ್ಷ ತರಗತಿಗೆ ಕರೆತರಲು ನಾನು ನನ್ನ ವೃತ್ತಿಯುದ್ದಕ್ಕೂ ಪ್ರಯತ್ನಿಸಿದ್ದೇನೆ, ಅದು ಬಹಳ ಕಷ್ಟ. ಶುಲ್ಕಕ್ಕಿಂತಲೂ, ಅವಳು ಓದುವ ಎರಡು ವರ್ಷ ಮನೆಗೆ ಬರದೇ ಹೋಗುವ ಸಂಬಳವೇ ತಾಯಿಯನ್ನು ಕಾಡುವ ಲೆಕ್ಕ. ಆ ಲೆಕ್ಕವನ್ನು ಬಿಟ್ಟು ಬರೀ ಪುಸ್ತಕ ಕೊಡಿಸಿದರೆ ಸಾಲದು. ಟ್ರಸ್ಟಿನವರು ತಿಂಗಳಿಗೊಂದು ಚಿಕ್ಕ ಮೊತ್ತವನ್ನಾದರೂ ಎರಡು ವರ್ಷಕ್ಕೆ ಗೊತ್ತುಮಾಡಲಿ, ದಾನಿಗಳೊಬ್ಬರನ್ನು ಅದಕ್ಕೆಂದೇ ಹುಡುಕಲಿ.


ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಾಸ್‌ಬುಕ್ ಎಂಟ್ರಿ ಮಾಡಿಸಲು ನಾಳೆಯೇ ಅಕ್ಕನ ಜೊತೆ ಬ್ಯಾಂಕಿಗೆ ಹೋಗುತ್ತೇನೆ. ಇನ್ನೊಂದು ಸಂದೇಹವಿದೆ. ಅಕ್ಕ ಮೀನುಗಾರರ ಸಹಕಾರಿ ಸಂಘದ ಸದಸ್ಯರಲ್ಲ, ಸದಸ್ಯತ್ವ ಗಂಡನ ಹೆಸರಿನಲ್ಲಿತ್ತು. ಮೀನುಗಾರಿಕೆ ನಿಷೇಧದ ಅವಧಿಗೆ ಸಿಗುವ ಹಣ ಅವರಿಗೂ ಬರಬಹುದೇ?


ಉತ್ತರ 1 ಬರೆದವರಿಂದ

ಈ ಮಳೆಗಾಲಕ್ಕೆ ಬರುವ ಭರವಸೆ ಇಟ್ಟುಕೊಳ್ಳಬೇಡಿ. ಮತ್ಸ್ಯಸಂಪದ ಯೋಜನೆಯಲ್ಲಿ ಮೀನುಗಾರರು ತಾವು 1,500 ರೂಪಾಯಿ ಉಳಿತಾಯ ಮಾಡಿರಬೇಕು. ಅದಕ್ಕೆ ಸರಕಾರದ 3,000 ಸೇರಿ ಒಟ್ಟು 4,500 ಬರುತ್ತದೆ. ಉಳಿತಾಯವನ್ನು ಮೊದಲೇ ಕಟ್ಟಬೇಕಾದ್ದರಿಂದ ಈಗ ಹೊಸದಾಗಿ ಸೇರಿದವರಿಗೆ ತಕ್ಷಣ ಸಿಗುವುದಿಲ್ಲ. ಆದರೆ ಗಂಡ ಸದಸ್ಯರಾಗಿ ಕಂತು ಕಟ್ಟಿದ್ದರೆ ಆ ಹಣದ ಗತಿಯೇನಾಯಿತೆಂದು ಸಂಘದಲ್ಲಿ ಬರವಣಿಗೆಯಲ್ಲಿ ಕೇಳಿ, ಅವರ ಷೇರು ಹಣವನ್ನೂ ವಿಚಾರಿಸಿ. ಜೊತೆಗೆ ಅಕ್ಕ ತಮ್ಮದೇ ಹೆಸರಿನಲ್ಲಿ ಸದಸ್ಯತ್ವಕ್ಕೆ ಅರ್ಜಿ ಕೊಡಲಿ. ಮುಂದಿನ ಸಾಲಿನ 1,500 ರೂಪಾಯಿ ಒಟ್ಟುಗೂಡಿಸಲು ಅವರಿಗೆ ಕಷ್ಟವಾದರೆ ಅದನ್ನು ಕಟ್ಟಿಕೊಡುವ ಪ್ರಸ್ತಾಪವನ್ನು ನಮ್ಮ ಸಮಿತಿಯ ಮುಂದೆ ನಾನೇ ಇಡುತ್ತೇನೆ.

ಉತ್ತರ 3ರಲ್ಲಿ ಅಂಕೋಲೆಯ ಅಕ್ಕೋರು (ಶಿಕ್ಷಕಿ) ಹೇಳಿದ ತಿಂಗಳ ಮೊತ್ತದ ವಿಷಯವನ್ನೂ ಅದೇ ಸಭೆಯಲ್ಲಿ ಮಾತನಾಡುತ್ತೇನೆ. ನಮ್ಮಲ್ಲಿ ಇದುವರೆಗೆ ಅಂಥ ಪದ್ಧತಿಯಿಲ್ಲ, ಆದರೆ ಅವರು ಹೇಳಿದ್ದು ಸರಿಯಾಗಿದೆ. ಮನೆ ಭೇಟಿಗೆ ನಾನು ಮತ್ತು ನಮ್ಮ ಇನ್ನೊಬ್ಬ ಕಾರ್ಯಕರ್ತೆ ಬರುತ್ತೇವೆ. ಅಕ್ಕ ಹೊಳೆಗೆ ಹೋಗುವ ಹೊತ್ತು ತಪ್ಪಿಸಿ, ನೀರೇರಿದ ಸಮಯ ಯಾವುದೆಂದು ಅವರನ್ನೇ ಕೇಳಿ ತಿಳಿಸಿ. ಮರಣ ಪ್ರಮಾಣಪತ್ರದ ಮೂಲಪ್ರತಿಯನ್ನು ಯಾವ ಕಚೇರಿಯಲ್ಲೂ ಬಿಟ್ಟು ಬರಬೇಡಿ, ಜೆರಾಕ್ಸ್ ಪ್ರತಿಗಳನ್ನು ಈಗಲೇ ಹೆಚ್ಚಾಗಿ ತೆಗೆಸಿಡಿ.